ಮೇಷ್ಟ್ರ ಡೈರಿ, ಹುಡುಗ್ರ ಪೆನ್‌ಡ್ರೈವ್: ಶಾಪಲ್ಲಿ ಹಳಬ್ರನ್ನೂ ಹೊಸಬ್ರನ್ನೂ ಒಟ್ಟಿಗೆ ದುಡಿಸೋದು ಹೇಗೆ

ಹೋದ್ ವರ್ಷ ಏಪ್ರಿಲ್‌ನಲ್ಲಿ ಒಂದು ನೈಟ್ ಶಿಫ್ಟಲ್ಲಿ ನಮ್ಮ ಮೆಷಿನ್ ಶಾಪಲ್ಲಿ 46 ಅಲ್ಯೂಮಿನಿಯಂ ಹೌಸಿಂಗ್ (ಬೇರೆ ಭಾಗ ಒಳಗೆ ಕೂರೋ ಕವಚ) ರಿಜೆಕ್ಟ್ ಆಯ್ತು. 100 ಎಂಎಂ ಬೋರು (ಒಳಗಿನ ತೂತು), ಎಚ್7 ಟಾಲರೆನ್ಸು, ಅಂದ್ರೆ 100ಕ್ಕಿಂತ ಒಂದು ಮೈಕ್ರಾನೂ (ಎಂಎಂನ ಸಾವಿರದಲ್ಲೊಂದು ಭಾಗ) ಕಮ್ಮಿ ಆಗೋ ಹಾಗಿಲ್ಲ, ಜಾಸ್ತಿ ಆದ್ರೆ 35 ಮೈಕ್ರಾನ್ ಒಳಗಿರ್ಬೇಕು. ಹುಡುಗ ಪಾಪ ಕದ್ದು ಮಲಗಿರ್ಲಿಲ್ಲ, ಪ್ರತಿ ಪೀಸನ್ನೂ ಅದನ್ನ ಹಿಡಿದಿರೋ ಚಕ್ಕಿಂದ ಬಿಚ್ಚಿದ ತಕ್ಷಣ ಬೋರ್ ಗೇಜ್ ಹಾಕಿ ನೋಡಿದಾನೆ, ಎಲ್ಲಾ ಸೈಜ್ ಒಳಗೇ ತೋರಿಸಿದೆ, ರಿಪೋರ್ಟಲ್ಲಿ ಬರ್ದೂ ಇದಾನೆ. ಬೆಳಿಗ್ಗೆ ಇನ್‌ಸ್ಪೆಕ್ಷನ್‌ನೋರು ಪ್ಲಗ್ ಗೇಜ್ ಹಾಕಿದ್ರೆ ಗೋ ಸೈಡೇ, ಅಂದ್ರೆ ಸೈಜ್ ಸರಿ ಇದ್ರೆ ಹೋಗಲೇಬೇಕಾದ ತುದಿನೇ, ಒಳಗೆ ಹೋಗ್ತಿಲ್ಲ.

ಕಾರಣ ಬಹಳ ಸಿಂಪಲ್. ಅಲ್ಯೂಮಿನಿಯಂ 100 ಎಂಎಂ ಉದ್ದಕ್ಕೆ ಒಂದು ಡಿಗ್ರಿ ಬಿಸಿಗೆ ಹೆಚ್ಚೂಕಮ್ಮಿ 2.3 ಮೈಕ್ರಾನ್ ಹಿಗ್ಗುತ್ತೆ, ಹತ್ತು ಡಿಗ್ರಿ ಬಿಸಿ ಇದ್ರೆ 23 ಮೈಕ್ರಾನ್, ಇರೋ ಟಾಲರೆನ್ಸೇ 35. ಬೇಸಿಗೆ, ಪೀಸನ್ನ ತಂಪು ಮಾಡೋ ಕೂಲೆಂಟಿನ ಟ್ಯಾಂಕೇ ಕಾದಿತ್ತು, ಪೀಸು ಬಿಸಿಯಾಗೇ ಹೊರಗೆ ಬರ್ತಿತ್ತು. ಬಿಸಿಯಲ್ಲಿ ಅಳೆದಾಗ ಸೈಜು, ತಣ್ಣಗಾದ್ಮೇಲೆ ಅಂಡರ್‌ಸೈಜು. ಮತ್ತೆ ಹಿಡಿದು ಬೋರ್ ಮಾಡೋಣ ಅಂದ್ರೆ ಸೆಂಟರ್ ಔಟ್ ಆಗುತ್ತೆ, ಆ ಜಾಬಲ್ಲಿ ಅದೂ ಆಗಲ್ಲ.

ಆದ್ರೆ ನಾನ್ ಹೇಳ್ಬೇಕು ಅಂತಿರೋದು ಅದಲ್ಲ. ಬೆಳಿಗ್ಗೆ ನಮ್ಮ ಮೇಷ್ಟ್ರು ಬಂದ್ರು. ಮೇಷ್ಟ್ರು ಅಂದ್ರೆ ಶಾಲೆ ಮೇಷ್ಟ್ರಲ್ಲ, 57 ವರ್ಷದ ಟರ್ನರು, ಲೇತ್ ಕೆಲಸದೋರು, ಶಾಪಲ್ಲಿ ಎಲ್ರೂ ಹಂಗೇ ಕರಿಯೋದು. ಟ್ರೇಲಿದ್ದ ಪೀಸನ್ನ ಒಂದ್ಸಲ ನೋಡಿ, "ನಿನ್ನೆ ಹೋಗ್ಬೇಕಾದ್ರೇ ಮುಟ್ಟಿ ನೋಡ್ದೆ, ಬೆಚ್ಚಗಿತ್ತು, ಬೆಳಿಗ್ಗೆ ಹಿಂಗೇ ಆಗುತ್ತೆ ಅಂತ ಗೊತ್ತಿತ್ತು" ಅಂದ್ರು. ನನಗೆ ಪಿತ್ತ ನೆತ್ತಿಗೇರ್ತು. ಗೊತ್ತಿದ್ರೆ ಹೇಳ್ಬೇಕಿತ್ತಲ್ವಾ ಅಂದೆ. ಅದಕ್ಕೆ ಅವ್ರು ಟಿಫನ್ ಬಾಕ್ಸ್ ಇಡ್ತಾ ಇಡ್ತಾ, "ನನ್ನ ಯಾರ್ ಕೇಳಿದ್ರು?" ಅಂದು ತಮ್ಮ ಮೆಷಿನ್ ಕಡೆ ಹೋದ್ರು.

ಆ ಮೂರು ಪದಕ್ಕೆ ನಮ್ಗೆ ಬಿದ್ದ ಖರ್ಚು 46 ಹೌಸಿಂಗು. ಆಮೇಲೆ ಸುಮಾರು ಒಂದು ವರ್ಷ ಇದನ್ನೇ ಹಿಡ್ಕೊಂಡು ಏನೇನೋ ಮಾಡಿದ್ವಿ, ಕೆಲವು ಕೆಲಸ ಮಾಡ್ತು, ಕೆಲವು ನಗೆಪಾಟಲಾಯ್ತು. ನಮ್ಮದು ಪೀಣ್ಯ ಸೆಕೆಂಡ್ ಸ್ಟೇಜಲ್ಲಿ 34 ಜನರ ಜಾಬ್‌ವರ್ಕ್ ಶಾಪು, ಬೇರೆ ಕಂಪನಿಗಳಿಗೆ ಪಾರ್ಟ್ ಮಾಡ್ಕೊಡೋದು, ನಾನಲ್ಲಿ ಪ್ರೊಡಕ್ಷನ್ ಇನ್‌ಚಾರ್ಜು, ವಯಸ್ಸು 43, ಅಂದ್ರೆ ಹಳಬ್ರ ಕಣ್ಣಿಗೆ ಹುಡುಗ, ಹುಡುಗ್ರ ಕಣ್ಣಿಗೆ ಮುದುಕ. ಇಂಥದ್ದೇ ಜಾಗದಲ್ಲಿ ಕೂತು ಒದ್ದಾಡ್ತಿರೋರಿಗೆ ಉಪಯೋಗ ಆಗ್ಲಿ ಅಂತ ಬರೀತಿದೀನಿ. ಮೆಷಿನ್ ಶಾಪೇ ಆಗಿರ್ಬೇಕು ಅಂತಿಲ್ಲ, ಪ್ರೆಸ್ಸು, ಗ್ಯಾರೇಜು, ಸೊಸೈಟಿ ಆಫೀಸು, ಎಲ್ಲಾ ಕಡೆ ಇದೇ ಕಥೆ.

ಮೊದಲು ಯಾರ ಹತ್ರ ಏನಿದೆ ಅಂತ ನೋಡ್ಕೊಳ್ಳಿ

ಎಲ್ರೂ ಮಾಡೋ ತಪ್ಪು ಅಂದ್ರೆ ಮೀಟಿಂಗ್ ಕರೆಯೋದು. ನಾನೂ ಕರೆದೆ. "ನಾವೆಲ್ಲಾ ಒಂದೇ ಮನೆಯೋರ ಥರ" ಅಂತ ಶುರು ಮಾಡ್ದೆ, ಹಿಂದಿನ ಸಾಲಲ್ಲಿ ಯಾರೋ ಕೆಮ್ಮಿದ್ರು, ಅಲ್ಲಿಗೆ ಮುಗೀತು. ಅದಕ್ಕಿಂತ ಮುಂಚೆ ಹೊರಗಿಂದ ಒಬ್ಬ ಟ್ರೈನರ್ ಬಂದು 1965ರಿಂದ 80ರ ತನಕ ಹುಟ್ಟಿದೋರು ಎಕ್ಸ್, ಆಮೇಲಿನೋರು ವೈ, 97ರ ಆಚೆಗೆ ಝಡ್ ಅಂತ ಅರ್ಧ ದಿನ ಸ್ಲೈಡ್ ತೋರಿಸಿ ಹೋಗಿದ್ರು. ಅದರಿಂದ ಉಪಯೋಗ ಆಗಿದ್ದು ಇಷ್ಟೇ, ಒಂದು ತಿಂಗಳು ಹುಡುಗ್ರು ಹಳಬ್ರನ್ನ "ಎಕ್ಸು" ಅಂತ ಕರ್ಕೊಂಡು ನಗ್ತಿದ್ರು. ನಮ್ಮ ಊರ್ಕಡೆ ಐಟಿಐ ಮುಗಿಸಿ 18ಕ್ಕೇ ಮನೆ ಸಾಲ ಹೊತ್ತ ಹುಡುಗನ್ಗೂ ಅಪ್ಪನ ದುಡ್ಡಲ್ಲಿ ಓದೋ ಹುಡುಗನ್ಗೂ ಒಂದೇ ಅಕ್ಷರ ಹಚ್ಚಿ ಏನ್ ಮಾಡ್ತೀರಾ.

ಅದರ ಬದ್ಲು ಒಂದು ಕೆಲಸ ಮಾಡಿ. ಒಂದು ನೋಟ್‌ಬುಕ್ ತಗೊಂಡು, ಒಬ್ಬೊಬ್ರ ಹೆಸ್ರು ಬರ್ದು, "ಇವರು ಹೇಳ್ದೆ ಕೇಳ್ದೆ ಮೂರು ದಿನ ರಜಾ ಹಾಕಿದ್ರೆ ಏನ್ ನಿಲ್ಲುತ್ತೆ" ಅಂತ ಮುಂದೆ ಬರೀರಿ. ಯಾರ್ಗೂ ತೋರಿಸ್ಬೇಡಿ, ನಿಮ್ಗೇ ಇರ್ಲಿ. ನಾನು ಬರ್ದಾಗ ಮೇಷ್ಟ್ರ ಮುಂದೆ ಅರ್ಧ ಪುಟ ತುಂಬ್ತು, ಅದು ಗೊತ್ತಿದ್ದಿದ್ದೇ. ಕ್ಯಾಸ್ಟಿಂಗ್ ಓರೆ ಇದ್ರೆ ಟ್ರೂ ಮಾಡೋದು (ಸೆಂಟರ್‌ಗೆ ನೇರ ಕೂರಿಸೋದು), ತೆಳು ಗೋಡೆ ಜಾಬನ್ನ ಎಷ್ಟು ಟೈಟ್ ಹಿಡೀಬೇಕು ಅನ್ನೋದು, ಬೋರಿಂಗ್ ಬಾರ್ ಕಿರ್ ಅಂದ್ರೆ ಸ್ಪೀಡ್ ಇಳಿಸ್ಬೇಕಾ ಫೀಡ್ ಏರಿಸ್ಬೇಕಾ ಅನ್ನೋದು, ಎಲ್ಲಾ ಅವ್ರ ಕೈಲಿ. ನಂಗೆ ಶಾಕ್ ಆಗಿದ್ದು 23 ವರ್ಷದ ಕಲಬುರಗಿ ಹುಡುಗನ ಹೆಸ್ರಿನ ಮುಂದೆ ಬರೀವಾಗ. ನಾಲ್ಕು ಮೆಷಿನ್ನಿನ ಪ್ರೋಗ್ರಾಂ ಬ್ಯಾಕಪ್ ಅವನ ಪೆನ್‌ಡ್ರೈವಲ್ಲೇ ಇದೆ, ಬ್ಯಾಟರಿ ಹೋಗಿ ಮೆಷಿನ್ ಪ್ಯಾರಾಮೀಟರ್ ಅಳಿಸ್ಹೋದ್ರೆ ವಾಪಸ್ ಹಾಕೋಕೆ ಬರೋದು ಅವನೊಬ್ಬನಿಗೇ, ಕಸ್ಟಮರ್ ಪೋರ್ಟಲಲ್ಲಿ ರಿಪೋರ್ಟ್ ಏರಿಸೋದೂ ಅವನೇ. ಅಲ್ಲಿಗೆ ಕಿರಿಯರು ಕಲೀಬೇಕು, ಹಿರಿಯರು ಕಲಿಸ್ಬೇಕು ಅನ್ನೋ ನನ್ನ ಲೆಕ್ಕಾನೇ ಉಲ್ಟಾ ಆಯ್ತು. ಇಬ್ರೂ ಒಂದೊಂದು ಬೀಗದ ಕೈ ಸೊಂಟಕ್ಕೆ ಸಿಗಿಸ್ಕೊಂಡು ಓಡಾಡ್ತಿದ್ರು, ನಾನು ಬಾಗಿಲ ಮುಂದೆ ನಿಂತು ಇಬ್ರಿಗೂ ಬುದ್ಧಿ ಹೇಳ್ತಿದ್ದೆ.

ಹೇಳ್ಕೊಟ್ರೆ ಹೊಟ್ಟೆ ಮೇಲೆ ಹೊಡೆತ ಬೀಳಲ್ಲ ಅಂತ ನಂಬಿಕೆ ಬರ್ಸಿ

ಇಡೀ ವಿಷಯದಲ್ಲಿ ಇದೇ ಮುಖ್ಯ, ಉಳಿದಿದ್ದೆಲ್ಲಾ ಇದರ ಸುತ್ತ ಸುತ್ತೋದು.

ಮೇಷ್ಟ್ರ ಜೇಬಲ್ಲಿ ಒಂದು ಸಣ್ಣ ಡೈರಿ ಇರುತ್ತೆ, ಎಣ್ಣೆ ಕೈ ಮುಟ್ಟಿ ಮುಟ್ಟಿ ಅಂಚೆಲ್ಲಾ ಕಪ್ಪಾಗಿದೆ. ಯಾವ್ ಜಾಬ್‌ಗೆ ಯಾವ್ ಇನ್ಸರ್ಟು (ಟೂಲಿನ ಕತ್ತರಿಸೋ ತುದಿ), ಯಾವ್ ಸ್ಪೀಡು, ಯಾವ್ ಕಡೆ ಪ್ಯಾಕಿಂಗ್ ಕೊಡ್ಬೇಕು, ಎಲ್ಲಾ ಅದರಲ್ಲಿ. ಜೆರಾಕ್ಸ್ ಮಾಡಿಸ್ಕೊಳ್ಳೋಣ ಅಂತ ಕೇಳಿದ್ರೆ ನಗ್ತಾರೆ, ಕೊಡಲ್ಲ. ಜಿಗುಟು ಮನುಷ್ಯ ಅಂತ ನಾನು ತಿಳ್ಕೊಂಡಿದ್ದೆ. ಒಂದಿನ ಟೀ ಕುಡೀತಾ ಹೇಳಿದ್ರು. ಅವ್ರು ಮೊದ್ಲು ಬೇರೆ ಕಡೆ ಇದ್ರು, ಹೆಸ್ರು ಬೇಡ, ಅಲ್ಲಿಗೆ ಸಿಎನ್‌ಸಿ, ಅಂದ್ರೆ ಕಂಪ್ಯೂಟರ್ ಪ್ರೋಗ್ರಾಂನಲ್ಲಿ ಓಡೋ ಮೆಷಿನ್, ಬಂದ ಹೊಸದ್ರಲ್ಲಿ ಮ್ಯಾನೇಜ್‌ಮೆಂಟು ಆರು ಜನ ಹಳೇ ಟರ್ನರ್‌ಗಳಿಗೆ "ಹುಡುಗ್ರಿಗೆ ಎಲ್ಲಾ ಹೇಳ್ಕೊಡಿ" ಅಂತು, ಇವರು ಮನಸ್ಸಿಟ್ಟು ಹೇಳ್ಕೊಟ್ರು, ಒಂದು ವರ್ಷಕ್ಕೆ ಆರೂ ಜನಕ್ಕೆ ವಿಆರ್‌ಎಸ್ (ಸ್ವಯಂ ನಿವೃತ್ತಿ) ಪೇಪರ್ ಕೈಗೆ ಬಂತು. "ಡೈರಿ ಕೊಟ್ಮೇಲೆ ನಿಮ್ಗೆ ನಾನ್ಯಾಕ್ ಬೇಕು ಸಾರ್" ಅಂದ್ರು. ಏನ್ ಉತ್ತರ ಕೊಡ್ತೀರಾ. ನನ್ನ ಹತ್ರ ಇರ್ಲಿಲ್ಲ.

ಆ ಕಡೆ ಹುಡುಗನ ಭಯ ಬೇರೆ. ಪೆನ್‌ಡ್ರೈವ್ ಯಾಕೆ ಯಾರ್ಗೂ ಕೊಡಲ್ಲಪ್ಪಾ ಅಂದ್ರೆ, "ಸರ್, ಇದೊಂದ್ ನಂಗೊಬ್ಬನಿಗೇ ಬರ್ತದ ಅಂತಲ್ರೀ ನೀವು ನನ್ನ ಮಾತು ಕೇಳ್ತೀರಿ" ಅಂದ. ಅದೂ ನಿಜಾನೇ.

ಇಲ್ಲಿ ಬಾಯ್ಮಾತು ನಡೆಯಲ್ಲ, ಕಾಗದ ಬೇಕು, ದುಡ್ಡು ಬೇಕು. ನಾವು ಓನರ್ ಹತ್ರ ಜಗಳ ಆಡಿ ಮಾಡಿಸಿದ್ದು ಹೀಗೆ. 58 ಆದ್ಮೇಲೂ ಎರಡು ವರ್ಷ ಸೆಟ್ಟಿಂಗ್ ಇನ್‌ಚಾರ್ಜ್ ಆಗಿ ಇಟ್ಕೊಳ್ತೀವಿ ಅಂತ ಮೇಷ್ಟ್ರಿಗೆ ಮೊದಲೇ ಲೆಟರ್ ಕೊಟ್ವಿ, ಡೈರಿ ಕೊಡಿ ಅಂತ ಅದರಲ್ಲಿ ಒಂದಕ್ಷರಾನೂ ಇರ್ಲಿಲ್ಲ. ಕಲಿಸೋ ಟೈಮನ್ನ ಪ್ರೊಡಕ್ಷನ್ ಟೈಮ್ ಅಂತಲೇ ಲೆಕ್ಕ ಹಾಕೋಕೆ ಶುರು ಮಾಡಿದ್ವಿ. ಇದು ಸಣ್ಣದು ಅನ್ಸುತ್ತೆ, ಆದ್ರೆ ಯೋಚ್ನೆ ಮಾಡಿ, ದಿನಕ್ಕೆ ಇಷ್ಟು ಪೀಸ್ ಹೊಡೀಬೇಕು, ಅದರ ಮೇಲೆ ಇನ್ಸೆಂಟಿವ್, ಆಮೇಲೆ ಬಿಟ್ಟಿಯಾಗಿ ಹುಡುಗನ್ಗೆ ಕಲಿಸ್ಬೇಕು ಅಂದ್ರೆ ಯಾವ ಮನುಷ್ಯ ಕಲಿಸ್ತಾನೆ? ಅರ್ಧ ಗಂಟೆ ಮೆಷಿನ್ ನಿಲ್ಸಿ ಹೇಳ್ಕೊಟ್ರೆ ಅವನ ಜೇಬಿಂದ ದುಡ್ಡು ಹೋಗುತ್ತೆ. ಈಗ ಟೈಮ್ ಶೀಟಲ್ಲಿ "ಕಲಿಕೆ" ಅಂತ ಒಂದು ಕಾಲಂ ಇದೆ, ವಾರಕ್ಕೆ ನಾಲ್ಕು ಗಂಟೆ ತನಕ ಇನ್ಸೆಂಟಿವ್ ಕಟ್ ಆಗಲ್ಲ, ಕಲಿಸೋನಿಗೂ ಕಲಿಯೋನಿಗೂ. ಹುಡುಗ ಬ್ಯಾಕಪ್ ಮಾಡೋದನ್ನ ಇನ್ನಿಬ್ರಿಗೆ ಹೇಳ್ಕೊಟ್ರೂ ಅದೇ ಕಾಲಂ. ಅವನ ಗ್ರೇಡನ್ನೂ ಹೇಳ್ಕೊಟ್ ಮೇಲೆ ಏರಿಸಿದ್ವಿ. ಪೆನ್‌ಡ್ರೈವ್ ಇಟ್ಕೊಂಡಿದ್ದಾಗ ಸಿಗದ ಮರ್ಯಾದೆ ಬಿಟ್ಟುಕೊಟ್ಟಾಗ ಸಿಗ್ಲಿ ಅಂತ.

ಡೈರಿ ಸಿಕ್ತಾ ಅಂದ್ರೆ, ಪೂರ್ತಿ ಇಲ್ಲ. ಲೆಟರ್ ಕೊಟ್ಟು ಮೂರು ತಿಂಗ್ಳಾದ್ಮೇಲೆ ಒಂದಿನ ಅವ್ರೇ ಬಂದು "ಆ ಹೌಸಿಂಗ್ ಜಾಬಿಂದು ಬರ್ಕೊಳಿ" ಅಂತ ಓದಿ ಹೇಳಿದ್ರು. ನಾವು ಅದನ್ನ ಸೆಟಪ್ ಶೀಟಲ್ಲಿ ಹಾಕಿ ಕೆಳಗೆ ಅವ್ರ ಹೆಸ್ರೇ ಹಾಕಿದ್ವಿ. ಈಗ 11 ಜಾಬಿಂದು ಬಂದಿದೆ. ಉಳಿದಿದ್ದು ಅವ್ರ ಜೇಬಲ್ಲೇ ಇದೆ, ಇರ್ಲಿ ಬಿಡಿ.

ಕರೆಯೋ ರೀತಿ

ಇದನ್ನ ಯಾವ ಟ್ರೈನಿಂಗಲ್ಲೂ ಹೇಳಲ್ಲ, ಬಹುಶಃ ಆ ಸ್ಲೈಡ್ ಮಾಡೋರ ಭಾಷೇಲಿ ನೀನು ನೀವು ಅಂತ ಎರಡಿಲ್ಲ. ನಮ್ಮಲ್ಲಿ ಅರ್ಧ ಜಗಳ ಅಲ್ಲೇ ಇರೋದು.

ಹೌಸಿಂಗ್ ಕಥೆಗೇ ವಾಪಸ್ ಬರ್ತೀನಿ. ಮೇಷ್ಟ್ರು ಯಾಕೆ ಬಾಯ್ಬಿಡ್ಲಿಲ್ಲ ಅಂತ ಕೆದಕಿದಾಗ ಗೊತ್ತಾಗಿದ್ದು, ಅದಕ್ಕೆ ಎರಡು ತಿಂಗಳು ಮುಂಚೆ ಅವ್ರು ಅದೇ ಹುಡುಗನ್ಗೆ ಏನೋ ಹೇಳೋಕೆ ಹೋಗಿದ್ರಂತೆ, ಅವನು ಸ್ಕ್ರೀನಿಂದ ಕಣ್ಣು ತೆಗೀದೆ "ಪ್ರೋಗ್ರಾಂ ಕರೆಕ್ಟಾಗಿದೆ ಅಂಕಲ್" ಅಂದನಂತೆ, ಪಕ್ಕದಲ್ಲಿ ಕಸ್ಟಮರ್ ಕಡೆಯೋರು ಇದ್ರಂತೆ. ಆ ಅಂಕಲ್ ಅನ್ನೋ ಪದ ಅವ್ರಿಗೆ ಚುಚ್ಚಿಬಿಟ್ಟಿದೆ. ಹುಡುಗನ್ ಕೇಳಿದ್ರೆ ಮರ್ಯಾದೆ ಕೊಟ್ಟೇ ಹಂಗಂದೆ ಅಂತಾನೆ, ಸುಳ್ಳಲ್ಲ, ಅವನ ಏರಿಯಾದಲ್ಲಿ ಪಕ್ಕದ್ಮನೆ ಹಿರಿಯರನ್ನೆಲ್ಲಾ ಹಂಗೇ ಕರಿಯೋದು. ಆದ್ರೆ ಮೂವತ್ತು ವರ್ಷ ಲೇತ್ ಮುಂದೆ ನಿಂತೋರಿಗೆ ಅಂಕಲ್ ಅಂದ್ರೆ ಬಸ್ಸಲ್ಲಿ ಸೀಟ್ ಬಿಟ್ಟುಕೊಡೋ ಮಾತಾಗುತ್ತೆ.

ಈ ಕಡೆಯಿಂದ ಆ ಕಡೆಗೆ ಇನ್ನೂ ಕಷ್ಟ. ನಮ್ಮ ಹಳಬ್ರು ಎಲ್ಲಾ ಹುಡುಗ್ರಿಗೂ "ಏನೋ, ಬಾರೋ ಇಲ್ಲಿ" ಅನ್ನೋದು, ರಾಮನಗರ ಮಂಡ್ಯ ಕಡೆ ಹುಡುಗ್ರು ಅದನ್ನ ಪ್ರೀತಿ ಅಂತಲೇ ತಗೋತಾರೆ. ಅದೇ ಉತ್ತರ ಕರ್ನಾಟಕದಿಂದ ಬಂದೋನು ಚಿಕ್ಕ ಮಕ್ಕಳಿಗೂ ರೀ ಹಚ್ಚಿ ಬೆಳೆದಿರ್ತಾನೆ, ಅವನಿಗೆ ಎಲ್ಲರೆದುರು ಬಾರೋ ಅಂದ್ರೆ ಕೆನ್ನೆಗೆ ಹೊಡೆದಂಗೆ. ಒಬ್ಬ ಟ್ರೈನಿ ಇದಕ್ಕೇ ಬಿಟ್ಟು ಹೋದ, ಹೋಗೋ ದಿನ ನನ್ನ ಹತ್ರ "ಕೆಲಸ ಚಲೋ ಐತ್ರಿ, ಮಾತು ಚಲೋ ಇಲ್ರಿ" ಅಂದ. ಒಡಿಶಾ ಬಿಹಾರದ ಹುಡುಗ್ರಿಗೆ ನಮ್ಮೋರು ಅರ್ಧಂಬರ್ಧ ಹಿಂದೀಲಿ ತೂ ತೂ ಅಂತಾರೆ, ಬೇಕಂತ ಅಲ್ಲ, ಆಪ್ ಹಾಕಿದ್ರೆ ಕೊನೇಗೆ ಕ್ರಿಯಾಪದ ಎಲ್ಲಿ ಮುಗಿಸ್ಬೇಕು ಅಂತ ಗೊತ್ತಿಲ್ಲ. ಇನ್‌ಸ್ಪೆಕ್ಷನ್‌ಗೆ ಡಿಪ್ಲೊಮಾ ಮುಗಿಸಿ ಬಂದ ಹುಡುಗಿ ಪೀಸ್ ರಿಜೆಕ್ಟ್ ಮಾಡಿದ್ರೆ "ಏನಮ್ಮಾ, ನೀನ್ ಹುಟ್ಟೋಕ್ ಮುಂಚಿಂದ ನಾನ್ ಮೈಕ್ರೊಮೀಟರ್ ಹಿಡಿದಿದೀನಿ" ಅಂತಿದ್ರು.

ನಾವು ಮಾಡ್ಕೊಂಡ ಪದ್ಧತಿ ಏನಂದ್ರೆ, ಹೊಸಬ್ರು ಬಂದ ಮೊದಲ ಮೂರು ತಿಂಗಳು ಎಲ್ರೂ ಎಲ್ರಿಗೂ ನೀವು. ಆಮೇಲೆ ಇಬ್ರೂ ಒಪ್ಪಿದ್ರೆ ನೀನು ಅನ್ನಿ, ಗುರು ಅನ್ನಿ, ಮಗಾ ಅನ್ನಿ, ನಿಮ್ಮಿಷ್ಟ. ಕಸ್ಟಮರ್ ಎದುರು, ಮೆಷಿನ್ ಮುಂದೆ ಬೈಯೋವಾಗ, ಯಾವಾಗ್ಲೂ ನೀವೇ. ಹೊಸಬ್ರು ಜಾಯಿನ್ ಆದ ದಿನಾನೇ ಹಳಬ್ರ ಹತ್ರ ಕರ್ಕೊಂಡು ಹೋಗಿ "ಇವ್ರನ್ನ ಹೆಂಗ್ ಕರೀಬೇಕು" ಅಂತ ಅವ್ರನ್ನೇ ಕೇಳೋದು. ಒಬ್ರು ಅಣ್ಣ ಅಂತಾರೆ, ಒಬ್ರು ಸಾರ್ ಅಂತಾರೆ, ಫಿಟ್ಟರ್ ಒಬ್ರು "ಹೆಸ್ರಿಡ್ದು ಕರೀರಿ, ಏನಾಗುತ್ತೆ" ಅಂದ್ರು, ಯಾವ ಹುಡುಗನ್ಗೂ ಇವತ್ತಿನವರೆಗೆ ಧೈರ್ಯ ಬಂದಿಲ್ಲ. ಆ ಹುಡುಗಿಗೆ ಮೇಡಂ ಅಂತ ಕರೆಸೋಕೆ ಮಾತ್ರ ನಾನೇ ನಾಲ್ಕೈದು ಸಲ ಎಲ್ಲರೆದುರು ಮೇಡಂ ಅಂತ ಕರೀಬೇಕಾಯ್ತು. ನಾನು ಕರೆದ್ರೆ ಉಳಿದೋರ ನಾಲಿಗೆ ತಾನಾಗೇ ಹೊರಳುತ್ತೆ.

ಜೋಡಿ ಹಾಕೋದು

ಗುರು ಶಿಷ್ಯ ಅಂತ ಜೋಡಿ ಮಾಡ್ಬೇಡಿ. ಗುರು ಅನ್ನಿಸ್ಕೊಂಡೋರು ತಪ್ಪು ಒಪ್ಕೊಳಲ್ಲ, ಶಿಷ್ಯ ಅನ್ನಿಸ್ಕೊಂಡೋನು ಬಾಯ್ಬಿಡಲ್ಲ. ಒಂದು ಹೊಸ ಜಾಬ್ ಬಂದಾಗ ಆ ಜಾಬ್‌ಗೆ ಮಾತ್ರ ಇಬ್ರನ್ನ ಹಾಕಿ: ಹಿಡಿಯೋದು, ಟ್ರೂ ಮಾಡೋದು, ಟೂಲ್ ಆರಿಸೋದು ಹಿರಿಯರದ್ದು, ಪ್ರೋಗ್ರಾಂ, ಆಫ್‌ಸೆಟ್ಟು (ಸೈಜ್ ತಿದ್ದೋಕೆ ಮೆಷಿನ್ನಿಗೆ ಒತ್ತೋ ಅಂಕಿ) ಹುಡುಗನದ್ದು. ಫಸ್ಟ್ ಪೀಸ್ ರಿಪೋರ್ಟಲ್ಲಿ ಇಬ್ರೂ ಸೈನ್ ಹಾಕ್ಬೇಕು. ಇದೊಂದು ನಿಯಮ ನೀವು ತಂದ್ರೆ ಸಾಕು, "ನನ್ನ ಯಾರ್ ಕೇಳಿದ್ರು" ಅನ್ನೋಕೆ ಜಾಗ ಇರಲ್ಲ, ಕೇಳದೆ ಸೈನ್ ಬೀಳಲ್ಲ. ಮೂರನೇ ಬ್ಯಾಚಿಗೆ ಅದಲು ಬದಲು ಮಾಡಿ, ಹಿರಿಯರು ಸ್ಕ್ರೀನ್ ಮುಂದೆ, ಹುಡುಗ ಚಕ್ ಮುಂದೆ.

ಅದಲು ಬದಲು ಮಾಡಿದಾಗ ನಡೆದಿದ್ದು ಒಂದು ಹೇಳ್ಬೇಕು. ಮೇಷ್ಟ್ರು ಸಿಎನ್‌ಸಿ ಲೇತಲ್ಲಿ ಶಾಫ್ಟ್ ಮಾಡ್ತಿದ್ರು, ಡಯಾ (ವ್ಯಾಸ) 0.10 ಎಂಎಂ ಜಾಸ್ತಿ ಬಂತು, ಆಫ್‌ಸೆಟ್ ಹಾಕಿದ್ರು, ಮುಂದಿನ ಪೀಸಲ್ಲಿ 0.05 ಇನ್ನೂ ಜಾಸ್ತಿ. ಮತ್ತೆ ಹಾಕಿದ್ರು, 0.025 ಜಾಸ್ತಿ. ಮೆಷಿನ್ನೇ ಸರಿ ಇಲ್ಲ ಅಂತ ಕೂಗಾಡ್ತಿದ್ರು, ಹುಡುಗ್ರು ದೂರ ನಿಂತು ಮುಸಿಮುಸಿ ನಗ್ತಿದ್ರು. ಕಲಬುರಗಿಯೋನು ಮಾತ್ರ ಹತ್ರ ಹೋಗಿ ಸುಮ್ನೆ ನಿಂತು ನೋಡಿದಾನೆ, ಆಮೇಲೆ "ಮೇಷ್ಟ್ರೇ, ನಿಮ್ಮ ಆ ಹಳೇ ಲೇತಿನ ಡಯಲ್ ಹೆಂಗ್ ಐತ್ರೀ" ಅಂತ ಕೇಳಿದಾನೆ. ಆ ಮೂಲೇಲಿ ನಮ್ಮದೊಂದು ಕೈಯಲ್ಲಿ ಓಡಿಸೋ ಎಚ್‌ಎಂಟಿ ಎನ್‌ಎಚ್22 ಲೇತಿದೆ, ಮೇಷ್ಟ್ರು ಅರ್ಧ ಆಯುಸ್ಸು ಅದರ ಮುಂದೆ ಕಳ್ದಿದಾರೆ. ಅಲ್ಲಿ ಅವ್ರು ಟೂಲನ್ನ 0.05 ಒಳಗೆ ತಳ್ಳಿದ್ರೆ ಡಯಾದಲ್ಲಿ 0.10 ಹೋಗುತ್ತೆ, ಯಾಕಂದ್ರೆ ಎರಡು ಕಡೆಯಿಂದಲೂ ಕಟ್ ಆಗುತ್ತಲ್ಲ. ಕೈಗೆ ಅದೇ ಅಭ್ಯಾಸ, 0.10 ತೆಗೀಬೇಕು ಅಂದ್ರೆ ಮನಸ್ಸಲ್ಲೇ ಅರ್ಧ ಮಾಡಿ 0.05 ಒತ್ತೋದು. ನಮ್ಮ ಸಿಎನ್‌ಸಿಯಲ್ಲಿ ಒತ್ತೋ ಎಕ್ಸ್ ಅಂಕಿ ಅಂದ್ರೆ ಡಯಾನೇ, ಅದು ತಾನೇ ಅರ್ಧ ಮಾಡ್ಕೊಳುತ್ತೆ. ಅದಕ್ಕೇ ಪ್ರತಿ ಸಲ ಅರ್ಧದಷ್ಟೇ ತೆಗೀತಿತ್ತು.

ಹುಡುಗ ಕೇಳಿದ ರೀತಿ ನೋಡಿ. ತಪ್ಪು ಒತ್ತಿದ್ರಿ ಅನ್ನಲಿಲ್ಲ, ನಿಮ್ಮ ಲೇತಿನ ಡಯಲ್ ಹೆಂಗಿದೆ ಅಂದ. ಮೇಷ್ಟ್ರು ಡಯಲ್ ಬಗ್ಗೆ ವಿವರಿಸ್ತಾ ವಿವರಿಸ್ತಾ ನಡುವೆ ತಾವೇ ನಿಲ್ಸಿ "ಓ" ಅಂದ್ರು. ಅವತ್ತಿಂದ ಹೌಸಿಂಗ್ ಬೆಚ್ಚಗಿದ್ರೆ ಮೇಷ್ಟ್ರು ಅವನನ್ನ ಕೂಗಿ ಹೇಳ್ತಾರೆ, ಅವನೂ ಈಗ ಪೀಸನ್ನ ಮೊದಲು ಅಂಗೈಲಿ ಮುಟ್ಟಿ ನೋಡ್ತಾನೆ, ಆಮೇಲೆ ಗ್ರಾನೈಟ್ ಟೇಬಲ್ ಮೇಲೆ ತಣ್ಣಗಾಗೋಕೆ ಬಿಟ್ಟು ಗೇಜ್ ಹಾಕ್ತಾನೆ.

ಯಾರೇ ತಪ್ಪು ಮಾಡಿದ್ರೂ ಲೈನಲ್ಲಿ ಎಲ್ಲರೆದುರು ಹೇಳ್ಬೇಡಿ. ನಾನು ಟೂಲ್ ಕ್ರಿಬ್ (ಟೂಲ್ ಇಡೋ ರೂಮು) ಒಳಗೆ ಕರ್ಕೊಂಡು ಹೋಗ್ತೀನಿ, ಟೀ ಆದ್ಮೇಲೆ. ಊಟಕ್ಕೆ ಮುಂಚೆ ಯಾರ್ಗೂ ಬೈಯಬಾರ್ದು, ಹಸಿದ ಹೊಟ್ಟೇಲಿ ಕೇಳಿದ್ದು ಯಾವ್ದೂ ತಲೆಗೆ ಹೋಗಲ್ಲ.

ಹಠ ಅಂದ್ಕೊಂಡಿದ್ದು ಕಣ್ಣಿನ ಸಮಸ್ಯೆ ಇರಬಹುದು

ಒಬ್ಬ ಹಿರಿಯ ಮಿಲ್ಲಿಂಗ್ ಆಪರೇಟರು ಟ್ಯಾಬ್ಲೆಟಲ್ಲಿ ಡ್ರಾಯಿಂಗ್ ನೋಡಲ್ಲ ಅಂತ ಹಠ ಹಿಡಿದಿದ್ರು, ಪೇಪರೇ ಬೇಕು. ಹೊಸದನ್ನ ಒಪ್ಪಲ್ಲ, ಹಳೇ ತಲೆ, ಅಂತ ನಾನೂ ಅಂದ್ಕೊಂಡೆ. ನಿಜ ಏನಂದ್ರೆ ನಲವತ್ತೈದು ದಾಟಿದ ಮೇಲೆ ಹತ್ರದ್ದು ಕಾಣೋದು ಕಷ್ಟ ಹೆಚ್ಚೂಕಮ್ಮಿ ಎಲ್ರಿಗೂ. ಓದೋ ಕನ್ನಡಕ ಜೇಬಲ್ಲಿಟ್ರೆ ಕೂಲೆಂಟ್ ಆಗುತ್ತೆ, ಬೈಫೋಕಲ್ ಹಾಕಿದ್ರೆ ಎದೆ ಮಟ್ಟದಲ್ಲಿರೋ ಸ್ಕ್ರೀನ್ ನೋಡೋಕೆ ಕತ್ತು ಮೇಲೆತ್ತಿ ಗಡ್ಡ ಚಾಚ್ಬೇಕು, ಹುಡುಗ್ರೆದುರು ಅದು ಅವಮಾನ. ಅದಕ್ಕೇ ಬೇಡ ಅಂದುಬಿಡೋದು. ಕಣ್ಣಿನ ಡಾಕ್ಟ್ರನ್ನ ಕರೆಸಿ ಎಲ್ರಿಗೂ, ಹುಡುಗ್ರಿಗೂ ಸೇರಿ, ಚೆಕ್ ಮಾಡಿಸಿದ್ವಿ. ಎಲ್ರಿಗೂ ಅಂತ ಮಾಡಿದ್ರೇ ಬರ್ತಾರೆ, ಐವತ್ತು ದಾಟಿದೋರಿಗೆ ಮಾತ್ರ ಅಂದ್ರೆ ಒಬ್ರೂ ಬರಲ್ಲ. ಡ್ರಾಯಿಂಗು ಎ3ಯಲ್ಲಿ ಪ್ರಿಂಟ್, ಪ್ರತಿ ಮೆಷಿನ್‌ಗೆ ಒಂದು ಎಲ್‌ಇಡಿ ಲ್ಯಾಂಪು, 0.02 ಗೆರೆ ಎಣಿಸೋ ವರ್ನಿಯರ್ ಬದಲು ಡಿಜಿಟಲ್ ಕ್ಯಾಲಿಪರ್. ಖರ್ಚು ಒಂದು ಬ್ಯಾಚ್ ರಿಜೆಕ್ಷನ್‌ಗಿಂತ ಕಮ್ಮಿ ಆಯ್ತು. ಆ ಹಠಮಾರಿ ಈಗ ಟ್ಯಾಬ್ಲೆಟಲ್ಲೇ ಎರಡು ಬೆರಳಲ್ಲಿ ಹಿಗ್ಗಿಸಿ ನೋಡ್ತಾರೆ, ಊಟದ ಟೈಮಲ್ಲಿ ಅದರಲ್ಲೇ ಯೂಟ್ಯೂಬೂ ನೋಡ್ತಾರೆ, ಅದು ಬೇರೆ ತಲೆನೋವು.

ವಾಟ್ಸಾಪ್ ಮತ್ತು ಶಿಫ್ಟ್ ಬದಲಾಗೋ ಹೊತ್ತು

ಹುಡುಗ್ರು ಗ್ರೂಪಲ್ಲಿ ಮೆಸೇಜ್ ಹಾಕಿದ್ರೆ ಹೇಳಿದಂಗೆ ಅಂದ್ಕೋತಾರೆ. ಹಳಬ್ರ ಫೋನು ಲಾಕರಲ್ಲಿರುತ್ತೆ, ಸಾಯಂಕಾಲ ಮನೆಗೆ ಹೋಗಿ ನೋಡಿದ್ರೆ ಎಂಬತ್ತು ಗುಡ್ ಮಾರ್ನಿಂಗ್ ಮಧ್ಯೆ "ಟಿ4 ಇನ್ಸರ್ಟ್ ಚೇಂಜ್ಡ್" (ನಾಲ್ಕನೇ ಟೂಲಿನ ತುದಿ ಬದಲಾಯ್ತು) ಅಂತ ಒಂದು ಸಾಲು. ಅದನ್ನ ಇಂಗ್ಲಿಷಲ್ಲಿ ಬೇರೆ ಹಾಕಿರ್ತಾರೆ. ನಾವೀಗ ಮೆಷಿನ್ ಪಕ್ಕದಲ್ಲೇ ಒಂದು ಬಿಳಿ ಬೋರ್ಡ್ ಇಟ್ಟಿದೀವಿ, ಕನ್ನಡದಲ್ಲಿ ಬರೀಬೇಕು, ಗ್ರೂಪಲ್ಲಿ ಬೇಕಾದ್ರೆ ಅದರ ಫೋಟೋ ಹಾಕ್ಲಿ. ಶಿಫ್ಟ್ ಬದಲಾಗುವಾಗ ಹತ್ತು ನಿಮಿಷ ಇಬ್ರೂ ಮೆಷಿನ್ ಮುಂದೆ ನಿಂತು ಮಾತಾಡ್ಬೇಕು, ಯಾವ ಟೂಲ್ ಬದಲಾಯ್ತು, ಆಫ್‌ಸೆಟ್ ಎಷ್ಟು ಹಾಕ್ದೆ, ಸೌಂಡ್ ಏನಾದ್ರೂ ಬೇರೆ ಥರ ಬರ್ತಿದೆಯಾ, ಅಷ್ಟೇ. ಮೊದಲು ಹತ್ತು ನಿಮಿಷ ಮುಂಚೆ ಬನ್ನಿ ಅಂತ ಸುಮ್ನೆ ಹೇಳಿದ್ವಿ, ಯಾರೂ ಬರ್ಲಿಲ್ಲ, ಆ ಹತ್ತು ನಿಮಿಷಕ್ಕೂ ಓಟಿ ಕೊಟ್ವಿ, ಎಲ್ರೂ ಬಂದ್ರು. ನಾಗಸಂದ್ರದ ಕಡೆಯಿಂದ ಮೆಟ್ರೋದಲ್ಲಿ ಬರೋರಿಗೆ ಕಷ್ಟ ಇಲ್ಲ, ನೆಲಮಂಗಲದಿಂದ ಬಸ್ಸಲ್ಲಿ ಬರೋರಿಗೆ ಟ್ರಾಫಿಕ್ಕು, ಅವ್ರಿಗೆ ಸ್ವಲ್ಪ ಸಡಿಲ ಬಿಡ್ತೀವಿ.

"ಕಲಿಸಿ ಏನ್ ಪ್ರಯೋಜನ, ಬಿಟ್ ಹೋಗ್ತಾರೆ"

ಹಳಬ್ರ ಈ ಮಾತನ್ನ ಗೊಣಗಾಟ ಅಂತ ತಳ್ಳಿಹಾಕ್ಬೇಡಿ, ಅವ್ರು ಹೇಳೋದ್ರಲ್ಲಿ ಅರ್ಥ ಇದೆ. ಎರಡು ವರ್ಷ ಕೈ ಹಿಡಿದು ತಿದ್ದಿಸಿದ ಹುಡುಗ ಎರಡು ಸಾವಿರ ಜಾಸ್ತಿ ಸಿಗುತ್ತೆ ಅಂತ ಪಕ್ಕದ ರೋಡಿನ ಶಾಪಿಗೆ ಹೋಗ್ತಾನೆ. ಹುಡುಗನದ್ದೂ ತಪ್ಪಲ್ಲ, ಅವನ ರೂಮ್ ಬಾಡಿಗೆ ನೀವ್ ಕಟ್ತೀರಾ? ಹಂಗಂತ ಹಳಬ್ರ ಹತ್ರ ನಿಯತ್ತು ಗಿಯತ್ತು ಅಂತ ಭಾಷಣ ಬಿಗಿದ್ರೆ ಇನ್ನೂ ಸಿಟ್ಟು ಬರುತ್ತೆ. ನಾವು ಮಾಡಿದ್ದು, ಕಲಿಸಿದ್ದು ಹುಡುಗನ ಜೊತೇಲೇ ಹೊರಟು ಹೋಗದ ಹಂಗೆ ನೋಡ್ಕೊಂಡಿದ್ದು. ಮೇಷ್ಟ್ರು ನಾಲ್ಕು ಜಾ (ಹಿಡಿಯೋ ದವಡೆ) ಚಕ್ಕಲ್ಲಿ ಓರೆ ಕ್ಯಾಸ್ಟಿಂಗ್ ಟ್ರೂ ಮಾಡೋದನ್ನ ಒಬ್ಬ ಹುಡುಗ ಫೋನಲ್ಲಿ ವಿಡಿಯೋ ಮಾಡಿದ. ನಾನು ಮೊದ್ಲು ಸ್ಕ್ರಿಪ್ಟ್ ಬರ್ಕೊಟ್ಟಿದ್ದೆ, ಮೇಷ್ಟ್ರು ಕ್ಯಾಮೆರಾ ಮುಂದೆ ಮರಗಟ್ಟಿ ನಿಂತ್ರು. ಆಮೇಲೆ ಹುಡುಗ ಸ್ಕ್ರಿಪ್ಟ್ ಬಿಸಾಕಿ, ಅವ್ರ ಮುಖ ತೋರಿಸ್ದೆ ಬರೀ ಕೈ ಮಾತ್ರ ತೆಗೆದು, ತಾನು ಪ್ರಶ್ನೆ ಕೇಳ್ತಾ ಹೋದ. "ಈಗ್ಯಾಕೆ ಆ ಜಾ ಸಡಿಲ ಮಾಡಿದ್ರಿ?" "ಡಯಲ್ ಮುಳ್ಳು ಯಾವ್ ಕಡೆ ಓಡ್ತು ನೋಡಿಲ್ವಾ?" ಅಂತ ನಾಲ್ಕು ನಿಮಿಷ. ಬಯ್ಗುಳ ಎರಡು ಕಡೆ ಇದೆ, ತೆಗೀಲಿಲ್ಲ. ಶಾಪಿನ ಕಂಪ್ಯೂಟರಲ್ಲಿ ಈಗ ಇಂಥ 19 ವಿಡಿಯೋ ಇದೆ, ಅದರಲ್ಲಿ ಆರು ಹುಡುಗ್ರೇ ಮಾಡಿದ್ದು, ಬ್ಯಾಕಪ್ ತಗೊಳೋದು, ಅಲಾರಂ ಬಂದ್ರೆ ಏನ್ ನೋಡ್ಬೇಕು ಅಂತ. ವಿಡಿಯೋ ಮಾಡಿದ ಹುಡುಗ ಮೂರು ತಿಂಗಳ ಹಿಂದೆ ಬಿಟ್ಟು ಹೋದ, ಅವನ ದನಿ ಇನ್ನೂ ಅದರಲ್ಲಿದೆ.

ಬಿಟ್ಟು ಹೋಗೋರನ್ನ ಚೆನ್ನಾಗಿ ಕಳಿಸ್ಕೊಡಿ, ಇದೊಂದು ಮರೀಬೇಡಿ. ಆಯುಧಪೂಜೆಗೆ ನಾವು ಹಳೇ ಹುಡುಗ್ರನ್ನೂ ಕರೀತೀವಿ. ಎನ್‌ಎಚ್22ಗೆ ಮೊದಲ ಕುಂಕುಮ ಮೇಷ್ಟ್ರದ್ದು, ಹೊಸ ಮೆಷಿನಿಗೆ ಆ ವರ್ಷದ ಅತೀ ಕಿರಿಯ ಟ್ರೈನಿದು. ಹೋದ ಸಲ ಆ ಟ್ರೈನಿ ಭಯಕ್ಕೆ ಬೂದುಗುಂಬಳಕಾಯಿಯನ್ನ ಸರಿಯಾಗಿ ಮೆಷಿನ್ ಮುಂದೇನೇ ಒಡ್ದು, ಸ್ಲೈಡ್ ಮೇಲೆಲ್ಲಾ ಕುಂಕುಮದ ನೀರು. ಒರೆಸಿ ಎಣ್ಣೆ ಹಚ್ಚೋಕೆ ಅವನೂ ಮೇಷ್ಟ್ರೂ ಇಬ್ರೇ ಸಂಜೆ ತನಕ ಕೂತಿದ್ರು.

ಕೊನೇದು, ಓನರ್ ಮತ್ತು ಅವ್ರ ಮಗ

ಸಣ್ಣ ಶಾಪುಗಳಲ್ಲಿ ಅತೀ ದೊಡ್ಡ ತಲೆಮಾರಿನ ಜಗಳ ಫ್ಲೋರಲ್ಲಿರಲ್ಲ, ಗಾಜಿನ ಕ್ಯಾಬಿನ್ ಒಳಗಿರುತ್ತೆ. ಅಪ್ಪ ಬೆಳಿಗ್ಗೆ ಎಂಟಕ್ಕೆ ಬಂದು ಶಾಫ್ಟ್ ಮೊದ್ಲು ಹೊಡೀರಿ ಅಂತಾರೆ, ಹೊರಗೆ ಓದ್ಕೊಂಡು ಬಂದ ಮಗ ಹತ್ತಕ್ಕೆ ಬಂದು ಲ್ಯಾಪ್‌ಟಾಪ್ ತೆಗೆದು ಹೌಸಿಂಗ್ ಅರ್ಜೆಂಟು ಅಂತಾರೆ. ಆಗ ಫ್ಲೋರಲ್ಲಿ ಹಳಬ್ರು ಅಪ್ಪನ ಪಾರ್ಟಿ, ಹುಡುಗ್ರು ಮಗನ ಪಾರ್ಟಿ, ನೀವೇನೇ ಜೋಡಿ ಮಾಡಿದ್ರೂ ನೀರಲ್ಲಿ ಹೋಮ. ಇದನ್ನ ಅಪ್ಪ ಮಗನ ಮಧ್ಯೆ ಕೂತು ಸರಿ ಮಾಡೋಕೆ ಹೋಗ್ಬೇಡಿ, ಮನೆ ವಿಷಯ ಅದು, ಇಬ್ರೂ ಸೇರಿ ನಿಮ್ಮ ಮೇಲೇ ಬೀಳ್ತಾರೆ. ನಾನು ಮಾಡಿದ್ದು ಇಷ್ಟೇ: ಹತ್ತೂವರೆಗೆ ದಿನದ ಪ್ಲಾನ್ ಬೋರ್ಡ್ ಮೇಲೆ ಬರೀತೀನಿ, ಕೆಳಗೆ ಎರಡು ಸೈನಿಗೆ ಜಾಗ ಬಿಡ್ತೀನಿ. ಎರಡೂ ಸೈನ್ ಬೀಳೋ ತನಕ ನಿನ್ನೆಯ ಜಾಬೇ ಓಡ್ತಿರುತ್ತೆ. ಮೊದಲ ವಾರ ಒಂದಿನ ಮಧ್ಯಾಹ್ನ ಮೂರರ ತನಕ ಒಂದು ಜಾಗ ಖಾಲಿ ಇತ್ತು, ಫ್ಲೋರೆಲ್ಲಾ ಬೋರ್ಡ್ ಕಡೇನೇ ನೋಡ್ತಿತ್ತು, ಮೂರೂ ಕಾಲಿಗೆ ಮಗ ಬಂದು ಏನೂ ಮಾತಾಡ್ದೆ ಮಾರ್ಕರ್ ತಗೊಂಡು, ಅಪ್ಪನ ಸೈನಿನ ಪಕ್ಕ, ಸ್ವಲ್ಪ ಕೆಳಗೆ, ಸೈನ್ ಹಾಕಿ ಹೋದ್ರು.